ಪತಂಗ ನೋಡುತ್ತ ಬೆಳೆದ ಗೆಳೆತನ

ಕೇಳುಗರೇ, ನಮಸ್ಕಾರ.

"ಮುಖ ನೋಡಿಲ್ಲ, ಮನೆ ಗೊತ್ತಿಲ್ಲ, ಅದೆಂಥ ಸ್ನೇಹ?" ಆನ್‌ಲೈನ್ ಗೆಳೆಯರ ಮಾತೆತ್ತಿದರೆ ಮನೆಯ ಹಿರಿಯರು ಹೀಗೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಆನ್‌ಲೈನ್ ಒಡನಾಟವೆಲ್ಲ ಒಂದೇ ಬಗೆಯದಲ್ಲ. ಯಾರು ಯಾರಿಗೆ ಏನೆಂದರು ಎಂದು ಜಗಳ ಕಾಯುವ ಜಾಗಗಳಿವೆ, ತಮ್ಮನ್ನು ತಾವೇ ತೋರಿಸಿಕೊಳ್ಳುವ ಜಾಗಗಳಿವೆ. ಹವ್ಯಾಸದ ಗುಂಪುಗಳ ರೀತಿಯೇ ಬೇರೆ. ನಾನು ಪತಂಗ, ದುಂಬಿ, ಜೇಡಗಳ ಫೋಟೊ ತೆಗೆದು ಹಂಚಿಕೊಳ್ಳುವವರ ಗುಂಪೊಂದರಲ್ಲಿ ಬಹಳ ಕಾಲದಿಂದ ಇದ್ದೇನೆ. ಅಲ್ಲಿ ಸ್ನೇಹ ಹೇಗೆ ಬೆಳೆಯುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ಹೊಸದಾಗಿ ಸೇರಿದವರೊಬ್ಬರು ರಾತ್ರಿ ಒಂದು ಚಿತ್ರ ಹಾಕುತ್ತಾರೆ. ಗೋಡೆಯ ಮೇಲೆ, ದೀಪದ ಪಕ್ಕ, ರೆಕ್ಕೆ ಹರಡಿ ಕೂತ ಕಂದು ಕೀಟ. ಚಿತ್ರ ಸ್ವಲ್ಪ ಅಲುಗಿದೆ. "ಇದು ಯಾವ ಚಿಟ್ಟೆ?" ಎಂಬ ಒಂದೇ ಸಾಲು. ಹಳಬರೊಬ್ಬರು ಕೇಳುತ್ತಾರೆ: "ಇನ್ನೂ ಅಲ್ಲೇ ಇದೆಯಾ? ಮೀಸೆ ಕಾಣುವ ಹಾಗೆ ಪಕ್ಕದಿಂದ ಒಂದು ಫೋಟೊ ತೆಗೆಯಲು ಆಗುತ್ತದೆಯೇ?" ಹೊಸಬರು ಎದ್ದು ಹೋಗಿ, ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು, ಉಸಿರು ಬಿಗಿಹಿಡಿದು ತೆಗೆದು ಕಳಿಸುತ್ತಾರೆ. ಈ ಸಲ ಮೀಸೆ ಸ್ಪಷ್ಟವಾಗಿದೆ: ಎರಡೂ ಕಡೆ ಎಳೆಎಳೆಯಾಗಿ ಹರಡಿದ ಗರಿ. ಆಗ ವಿವರಣೆ ಬರುತ್ತದೆ. ಚಿಟ್ಟೆಯ ಮೀಸೆಯ ತುದಿ ಸಾಮಾನ್ಯವಾಗಿ ಉಬ್ಬಿರುತ್ತದೆ. ಪತಂಗಗಳಲ್ಲಿ ಹೆಚ್ಚಿನವಕ್ಕೆ ಆ ಉಬ್ಬು ಇರುವುದಿಲ್ಲ, ಮೀಸೆ ಬರೀ ಎಳೆಯಾಗಿಯೋ ಗರಿಯಾಗಿಯೋ ಇರುತ್ತದೆ. ಇದು ಪತಂಗ. ಮೀಸೆ ಇಷ್ಟು ಅಗಲವಾಗಿದೆ ಎಂದರೆ ಬಹುಶಃ ಗಂಡು. ಹೆಣ್ಣು ಬಿಡುವ ವಾಸನೆಯನ್ನು ಗಾಳಿಯಲ್ಲಿ ಹಿಡಿಯಲು ಅದಕ್ಕೆ ಈ ಅಗಲ ಬೇಕು.

ಹೊಸಬರು ಮರುದಿನ ರಾತ್ರಿಯೂ ದೀಪ ಹಾಕಿ ಕಾಯುತ್ತಾರೆ. ಸ್ನೇಹ ಶುರುವಾಗುವುದು ಇಲ್ಲಿಂದಲೇ ಎಂದು ನನಗೆ ಅನಿಸುತ್ತದೆ, ಅವರಿಗಿನ್ನೂ ಅದು ಗೊತ್ತಿರುವುದಿಲ್ಲ ಅಷ್ಟೆ.

ಯಾರೂ ಇಲ್ಲಿ ಗೆಳೆಯರನ್ನು ಹುಡುಕಿಕೊಂಡು ಬಂದಿರುವುದಿಲ್ಲ. ಬಂದದ್ದು ಹುಳಕ್ಕಾಗಿ. ವಯಸ್ಸು, ಕೆಲಸ, ಓದು, ಯಾವುದನ್ನೂ ಯಾರೂ ಕೇಳುವುದಿಲ್ಲ. ನಿವೃತ್ತರು ಕೇಳಿದ್ದಕ್ಕೆ ಹದಿನಾರರ ಹುಡುಗ ಉತ್ತರ ಹೇಳುತ್ತಾನೆ, ಅದು ಸರಿಯಾಗಿಯೂ ಇರುತ್ತದೆ. ಎಲ್ಲರ ಕಣ್ಣೂ ಒಂದೇ ವಸ್ತುವಿನ ಮೇಲೆ ನೆಟ್ಟಿರುವುದರಿಂದ ಯಾರಿಗೂ ತನ್ನನ್ನು ಅಳೆಯುತ್ತಿದ್ದಾರೆ ಎಂಬ ಮುಜುಗರವಿಲ್ಲ. ಮಾತಿನಲ್ಲಿ ಹಿಂಜರಿಯುವವರಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಎಂಬುದನ್ನು ಸಲೀಸಾಗಿ ಮಾತಾಡುವವರು ಊಹಿಸುವುದೂ ಕಷ್ಟ.

ಬದುಕು ಆಮೇಲೆ ಸಂದಿಯಿಂದ ಒಳಬರುತ್ತದೆ. "ಎರಡು ದಿನ ಚಿತ್ರ ಹಾಕಲಾಗಲಿಲ್ಲ, ಮಗುವಿಗೆ ಜ್ವರ." "ರಾತ್ರಿ ಪಾಳಿ ಮುಗಿಸಿ ಬರುವಾಗ ಗೇಟಿನ ಮೇಲೆ ಇದು ಕೂತಿತ್ತು." ಒಬ್ಬರ ಚಿತ್ರಗಳೆಲ್ಲ ಸೊಂಟದ ಎತ್ತರಕ್ಕೇ ನಿಲ್ಲುತ್ತಿದ್ದವು, ಮಂಡಿನೋವಿನಿಂದ ಬಗ್ಗಲಾಗುವುದಿಲ್ಲ ಎಂದು ಬಹಳ ದಿನಗಳ ಮೇಲೆ ತಿಳಿಯಿತು. ಆಮೇಲೆ ಗುಂಪಿನಲ್ಲಿ ಯಾರಿಗಾದರೂ ನಿಂತಲ್ಲೇ ತೆಗೆಯಬಹುದಾದ ಹುಳದ ಸುಳಿವು ಸಿಕ್ಕರೆ ಮೊದಲು ಅವರಿಗೆ ಹೇಳುವುದು ರೂಢಿಯಾಯಿತು. ಇದಕ್ಕೆಂದು ಯಾರೂ ಸಭೆ ಸೇರಿಸಿ ತೀರ್ಮಾನ ಮಾಡಿದ್ದಲ್ಲ.

ಸ್ನೇಹಕ್ಕೆ ಇಂತಿಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿದವರಿದ್ದಾರೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಿತರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ, ಗೆಳೆಯರು ಎನ್ನಿಸಿಕೊಳ್ಳಲು ಸುಮಾರು 90 ಗಂಟೆ, ಆಪ್ತರಾಗಲು 200ಕ್ಕೂ ಹೆಚ್ಚು ಗಂಟೆ ಜೊತೆಯಲ್ಲಿ ಕಳೆಯಬೇಕು. ಅವರು ಲೆಕ್ಕ ಹಾಕಿದ್ದು ಮುಖಾಮುಖಿ ಒಡನಾಟವನ್ನು. ಆದರೂ ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಗುಂಪೇ. ದೊಡ್ಡವರಾದ ಮೇಲೆ ಹೊಸ ಪರಿಚಿತರ ಜೊತೆ 200 ಗಂಟೆ ಎಲ್ಲಿಂದ ತರುವುದು? ದಿನಕ್ಕೆ ಕಾಲು ಗಂಟೆ, ಅರ್ಧ ಗಂಟೆ ಎಂದು ವರ್ಷಗಟ್ಟಲೆ ಸೇರಿಸುತ್ತ ಹೋಗುವುದು ಹವ್ಯಾಸಕ್ಕೆ ಮಾತ್ರ ಸಾಧ್ಯ. ಯಾಕೆಂದರೆ ಹುಳ ನಾಳೆಯೂ ಬರುತ್ತದೆ.

ಅಭಿಪ್ರಾಯಭೇದ ಇರುವುದಿಲ್ಲವೇ? ಧಾರಾಳವಾಗಿ ಇರುತ್ತದೆ, ಅದು ಇರಬೇಕು ಕೂಡ. ಜೀವಿಗಳ ಚಿತ್ರ ಹಾಕಿ ಗುರುತಿಸುವ ಐನ್ಯಾಚುರಲಿಸ್ಟ್ ಎಂಬ ವೇದಿಕೆ 2008ರಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿತು. ಅಲ್ಲಿ ಒಂದು ಪ್ರಭೇದದ ಹೆಸರು ಗಟ್ಟಿಯಾಗಬೇಕಾದರೆ ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಪ್ಪಬೇಕು. ಅಂದರೆ "ನಿಮ್ಮದು ತಪ್ಪು" ಎನ್ನುವುದು ಅಲ್ಲಿ ದಿನದ ಕೆಲಸ. ಒಳ್ಳೆಯ ಗುಂಪಿನಲ್ಲಿ ತಿದ್ದುವವರು ಕಾರಣ ಕೊಡುತ್ತಾರೆ: ರೆಕ್ಕೆಯ ಅಂಚಿನ ಗೆರೆ ನೋಡಿ, ಕಾಲಿನ ಬಣ್ಣ ನೋಡಿ ಎನ್ನುತ್ತಾರೆ. ಕಾರಣ ಕೊಟ್ಟು ತಿದ್ದುವುದು ಗೌರವದ ಒಂದು ರೂಪ. ಬರೀ "ತಪ್ಪು" ಎಂದು ಬರೆದು ಹೋಗುವವರಿಂದ ಹೊಸಬರು ಬಾಯಿ ಮುಚ್ಚಿಕೊಳ್ಳುತ್ತಾರೆ, ಆಮೇಲೆ ಸದ್ದಿಲ್ಲದೆ ಗುಂಪನ್ನೇ ಬಿಡುತ್ತಾರೆ. ಅಡ್ಮಿನ್ ಆಗಿರುವವರು ಬೈಗುಳದ ಮೇಲೆ ಕಣ್ಣಿಡುವಷ್ಟೇ ಇದರ ಮೇಲೂ ಕಣ್ಣಿಡಬೇಕು.

ಹರಟೆಯನ್ನು ಪೂರ್ತಿ ನಿಷೇಧಿಸುವ ಗುಂಪುಗಳೂ ಇವೆ. ನನಗೆ ಅದು ಒಪ್ಪಿಗೆಯಿಲ್ಲ. 2007ರಲ್ಲಿ ಗ್ಯಾಲಕ್ಸಿ ಜೂ ಎಂಬ ಯೋಜನೆ ಶುರುವಾಯಿತು. ಲಕ್ಷಗಟ್ಟಲೆ ಗ್ಯಾಲಕ್ಸಿಗಳ ಚಿತ್ರಗಳನ್ನು ಆಕಾರದ ಪ್ರಕಾರ ವಿಂಗಡಿಸಲು ಜನಸಾಮಾನ್ಯರನ್ನು ಕರೆದರು. ಮೊದಲ ವರ್ಷದಲ್ಲೇ ಒಂದೂವರೆ ಲಕ್ಷದಷ್ಟು ಜನ ಕೈಜೋಡಿಸಿದರು. ಕೆಲವರ ಕಣ್ಣಿಗೆ ಚಿಕ್ಕ, ದುಂಡಗಿನ, ಹಸಿರು ಚುಕ್ಕೆಗಳು ಬಿದ್ದವು. ತಮಾಷೆಗೆ ಅವನ್ನು ಬಟಾಣಿ ಎಂದು ಕರೆದು, ಹರಟುತ್ತಲೇ ಒಂದೊಂದಾಗಿ ಹುಡುಕಿ ಕೂಡಿಸಿದರು. ಖಗೋಳಶಾಸ್ತ್ರಜ್ಞರು ಪರೀಕ್ಷಿಸಿದಾಗ ಅವು ಅತಿ ವೇಗದಲ್ಲಿ ನಕ್ಷತ್ರಗಳನ್ನು ಹುಟ್ಟಿಸುವ ಪುಟ್ಟ ಗ್ಯಾಲಕ್ಸಿಗಳೆಂದು ತಿಳಿಯಿತು. 2009ರಲ್ಲಿ ಪ್ರಬಂಧ ಪ್ರಕಟವಾಯಿತು. ಹರಟೆಗೆ ಜಾಗವಿಲ್ಲದಿದ್ದರೆ ಆ ಚುಕ್ಕೆಗಳ ಹಿಂದೆ ಅಷ್ಟು ದಿನ ಯಾರು ಬೀಳುತ್ತಿದ್ದರು?

ಹುಷಾರಾಗಿರಬೇಕು, ನಿಜ. ಹಣ ಕೇಳುವವರು, ಬೇರೆಯವರಿಗೆ ಹೇಳಬೇಡ ಎಂದು ಮಕ್ಕಳನ್ನು ಪ್ರತ್ಯೇಕವಾಗಿ ಮಾತಿಗೆಳೆಯುವವರು ಎಲ್ಲೆಡೆಯೂ ಇದ್ದಾರೆ. ಮಾತು ಗುಂಪಿನ ನಡುವೆ, ಎಲ್ಲರ ಕಣ್ಣೆದುರು ನಡೆಯಲಿ.

ಕೊನೆಯದಾಗಿ ನಾರ್ವೆಯ ಮ್ಯಾಟ್ಸ್ ಸ್ಟೀನ್ ಎಂಬ ಯುವಕನ ವಿಷಯ ಹೇಳಬೇಕು. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತ ಹೋಗುವ ಡುಶೆನ್ ಕಾಯಿಲೆ ಅವನಿಗಿತ್ತು. ಗಾಲಿಕುರ್ಚಿಯಲ್ಲಿ ಕೂತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಆಡುತ್ತಿದ್ದ. ಮಗ ಒಂಟಿಯಾಗಿಬಿಟ್ಟ, ಗೆಳೆತನವೆಂದರೇನು ಎಂಬುದನ್ನೇ ಕಾಣದೆ ಹೋದ ಎಂದು ತಂದೆ ತಾಯಿ ಕೊರಗುತ್ತಿದ್ದರು. 2014ರಲ್ಲಿ, 25ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ತನ್ನ ಬ್ಲಾಗಿನ ಪಾಸ್‌ವರ್ಡನ್ನು ಅವನು ಬಿಟ್ಟುಹೋಗಿದ್ದ. ತಂದೆ ಅಲ್ಲಿ ಸಾವಿನ ಸುದ್ದಿ ಬರೆದರು. ಉತ್ತರಗಳು ಬರತೊಡಗಿದವು, ಉದ್ದುದ್ದದ ಪತ್ರಗಳು. ಆಟದ ಗೆಳತಿಯೊಬ್ಬಳನ್ನು ಕಂಪ್ಯೂಟರಿನಿಂದ ದೂರವಿಟ್ಟಾಗ ಮ್ಯಾಟ್ಸ್ ಅವಳ ಹೆತ್ತವರಿಗೇ ಪತ್ರ ಬರೆದಿದ್ದನಂತೆ. ಇನ್ನೆಷ್ಟೋ ಜನರ ಕಷ್ಟಕ್ಕೆ ಕಿವಿಯಾಗಿದ್ದನಂತೆ. ಬೇರೆ ದೇಶಗಳಿಂದ ಅವನ ಆಟದ ಗೆಳೆಯರು ಅಂತ್ಯಕ್ರಿಯೆಗೆ ಬಂದರು.

ಆ ಪಾಸ್‌ವರ್ಡ್ ಇಲ್ಲದಿದ್ದರೆ ತಂದೆ ತಾಯಿಗೆ ಮಗನ ಗೆಳೆಯರು ಯಾರೆಂದೇ ತಿಳಿಯುತ್ತಿರಲಿಲ್ಲ. ಆ ಗೆಳೆಯರು ಅವನೇಕೆ ಬರುತ್ತಿಲ್ಲ ಎಂದು ಕಾಯುತ್ತಲೇ ಇರುತ್ತಿದ್ದರು.

ಅದಕ್ಕೇ ನಮ್ಮ ಗುಂಪಿನಲ್ಲಿ ಈಗ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಇಷ್ಟವಿರುವವರು ಗುಂಪಿನ ಹೆಸರು, ಅಲ್ಲಿ ತಾವು ಬಳಸುವ ಹೆಸರು, ಸುದ್ದಿ ತಿಳಿಸಬೇಕಾದ ಒಬ್ಬಿಬ್ಬರ ವಿವರ, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಮನೆಯವರ ಕೈಗೆ ಕೊಟ್ಟಿದ್ದೇವೆ. ಕಾಗದ ಕೊಡುವಾಗ "ಯಾರಿವರು?" ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಕೂತು ಹೇಳಿ. ನೀವು ಯಾವ ಹವ್ಯಾಸದ ಗುಂಪಿನಲ್ಲಿದ್ದರೂ ಈ ವಾರವೇ ಇದನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಧನ್ಯವಾದಗಳು.