ಕಾಪಾಡಿದ ಕಾಡನ್ನೇ ಬಿಟ್ಟು ಹೋಗುವ ಹಕ್ಕಿ

ನಮಸ್ಕಾರ. ಮಧ್ಯ ಅಮೆರಿಕದ ಕೋಸ್ಟರೀಕಾ ದೇಶದ ಮೊಂಟೆವರ್ಡೆ. ಮೋಡ ಮುತ್ತಿಕೊಂಡ ಬೆಟ್ಟದ ಕಾಡು. ಅಲ್ಲಿನ ಕ್ವೆಟ್ಜಾಲ್ ಹಕ್ಕಿ ನೋಡಲೆಂದೇ ಜನ ದೂರದೂರದಿಂದ ಬರುತ್ತಾರೆ. ಕಾಡಿಗೆ ರಕ್ಷಣೆಯೂ ಇದೆ. ಆದರೂ ಮರಿಗಳು ಹಾರಿದ ಮೇಲೆ, ಜುಲೈ ಹೊತ್ತಿಗೆ, ಈ ಹಕ್ಕಿಗಳು ಅಲ್ಲಿಂದ ಹೊರಡುತ್ತವೆ. ಯಾಕೆ?

ಪರಿಚಯ ಬೇಗ ಮುಗಿಸೋಣ. ನೆಲೆ ದಕ್ಷಿಣ ಮೆಕ್ಸಿಕೋದಿಂದ ಪನಾಮಾವರೆಗೆ. ಗ್ವಾಟೆಮಾಲಾಕ್ಕೆ ಇದು ರಾಷ್ಟ್ರಪಕ್ಷಿ, ಅಲ್ಲಿನ ದುಡ್ಡಿಗೂ ಇದರದೇ ಹೆಸರು. ನಮ್ಮ ಪಶ್ಚಿಮ ಘಟ್ಟದ ಮಲಬಾರ್ ಟ್ರೋಗನ್ ಕೂಡ ಇದೇ ಕುಟುಂಬದ್ದು. ಗಂಡಿಗೆ ಹಸಿರು ಮೈ, ಕೆಂಪು ಹೊಟ್ಟೆ, ಹಿಂದೆ ಮೀಟರ್‌ವರೆಗೂ ಬೆಳೆಯುವ ಗರಿಗಳು.

ಉತ್ತರ ಇರುವುದು ಇದರ ಊಟದಲ್ಲಿ. ನಾವು ತಿನ್ನುವ ಬೆಣ್ಣೆಹಣ್ಣಿಗೆ ಅಲ್ಲಿ ಕಾಡು ನೆಂಟರಿದ್ದಾರೆ. ಸ್ಥಳೀಯರು ಅಗ್ವಕಟಿಯೋ ಅನ್ನುತ್ತಾರೆ. ಹಣ್ಣು ಪುಟ್ಟದು, ಹೆಚ್ಚುಕಡಿಮೆ ನೇರಳೆಯಷ್ಟು. ಒಳಗೆಲ್ಲ ಬೀಜವೇ, ಸುತ್ತ ತೆಳ್ಳಗೆ ಎಣ್ಣೆ ಜಿಡ್ಡಿನ ತಿರುಳು. ಹಕ್ಕಿ ಕೊಂಬೆಯಿಂದ ಹಾರಿ, ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ಹಣ್ಣು ಕಿತ್ತುಕೊಳ್ಳುತ್ತದೆ. ಕಚ್ಚುವುದಿಲ್ಲ, ಅಗಿಯುವುದಿಲ್ಲ, ಇಡಿಯಾಗಿ ನುಂಗುತ್ತದೆ! ಅದಕ್ಕೇ ಬಾಯಿ ಎಷ್ಟು ಅಗಲವೋ ಅಷ್ಟೇ ದಪ್ಪದ ಹಣ್ಣು. ಆಮೇಲೆ ಸುಮ್ನೆ ಕೂರುತ್ತದೆ. ಹೊಟ್ಟೆ ತಿರುಳನ್ನೆಲ್ಲ ಸುಲಿದುಕೊಂಡ ಮೇಲೆ ಬೀಜ ಬಾಯಿಂದಲೇ ಆಚೆ ಬರುತ್ತದೆ, ಒಂಚೂರೂ ಕೆಡದೆ. ಹಾಗೆ ಬಿದ್ದ ಬೀಜ ಮೊಳೆಯಬಲ್ಲದು. ಹಕ್ಕಿ ತಿಂದು ಬೇರೆ ಕಡೆ ಹಾರಿತೆಂದರೆ ಮರದ ಸಂತಾನವೂ ಜೊತೆಗೇ ಹೋಯಿತು. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಈ ಮರಗಳಲ್ಲಿ ಹಲವು ಜಾತಿ. ಒಂದೊಂದು ಎತ್ತರದಲ್ಲಿ ಒಂದೊಂದು ಕಾಲಕ್ಕೆ ಹಣ್ಣು. ಮೇಲೆ ಮುಗಿದರೆ ಹಕ್ಕಿ ಕೆಳಗೆ ಇಳಿಯಲೇಬೇಕು ಅಲ್ವಾ? ಜಾರ್ಜ್ ಪವೆಲ್ ಮತ್ತು ರಾಬಿನ್ ಬ್ಯೋರ್ಕ್ ಎಂಬ ಸಂಶೋಧಕರು ಹಕ್ಕಿಗಳಿಗೆ ಸಂಕೇತ ಕಳಿಸುವ ಪುಟ್ಟ ರೇಡಿಯೋ ಕಟ್ಟಿ ಹಿಂಬಾಲಿಸಿದರು. 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಕ್ಕಿಗಳು ಮೊದಲು ಪೆಸಿಫಿಕ್ ಕಡೆಯ ಇಳಿಜಾರಿಗೆ, ಆಮೇಲೆ ಬೆಟ್ಟ ದಾಟಿ ಕೆರಿಬಿಯನ್ ಕಡೆಗೆ ಹೋಗುತ್ತಿದ್ದವು. ಪೆಸಿಫಿಕ್ ಕಡೆ ಉಳಿದಿದ್ದು ಹೊಲ, ಹುಲ್ಲುಗಾವಲುಗಳ ನಡುವಿನ ಕಾಡಿನ ತುಂಡುಗಳು. ಬೆಟ್ಟದ ತುದಿಗೆ ಮಾತ್ರ ಬೇಲಿ ಹಾಕಿ 'ಹಕ್ಕಿ ಉಳಿಸಿದೆವು' ಅಂದರೆ ನಾನಂತೂ ಒಪ್ಪುವುದಿಲ್ಲ.

ಸಮಯ ಕಡಿಮೆ, ಉಳಿದದ್ದು ಚುಟುಕಾಗಿ. ಗೂಡಿಗೆ ಕೊಳೆತು ಮೆತ್ತಗಾದ ಮರವೇ ಬೇಕು, ಕೊಕ್ಕಿಗೆ ಗಟ್ಟಿ ಮರ ಕೊರೆಯಲು ಆಗದು. ಕಾವು ಕೂರುವುದು ಗಂಡು, ಹೆಣ್ಣು ಇಬ್ಬರೂ. ಮರಿಗಳಿಗೆ ಮೊದಲು ಹುಳು, ಹಲ್ಲಿ, ಹಣ್ಣು ಆಮೇಲೆ. ಕೋಸ್ಟರೀಕಾದ ಸಾನ್ ಹೆರಾರ್ಡೋ ದೆ ದೋಟಾದಲ್ಲಿ ರೈತರು ತಮ್ಮ ಜಮೀನಿನಲ್ಲೇ ಅಗ್ವಕಟಿಯೋ ಮರ ಉಳಿಸಿಕೊಂಡಿದ್ದಾರೆ. ಹಣ್ಣಿನ ಕಾಲದಲ್ಲಿ ಹಕ್ಕಿ ಅಲ್ಲಿಗೇ ಬರುತ್ತದೆ, ನೋಡಲು ಬರುವ ಪ್ರವಾಸಿಗರಿಂದ ರೈತರಿಗೆ ಆದಾಯವೂ ಸಿಗುತ್ತದೆ.