ಚರ್ಚು ಕೊರೆಸಿದ ಬೋರ್‌ವೆಲ್, ಮಕ್ಕಳ ಹಲ್ಲಿನ ಕಂದು ಕಲೆ

[ದೃಶ್ಯ: ಒಣಹುಲ್ಲಿನ ಬಯಲು. ಕತ್ತೆಗಳ ಬೆನ್ನ ಮೇಲೆ ಹಳದಿ ನೀರಿನ ಕ್ಯಾನುಗಳು, ಹಿಂದೆ ನಡೆದು ಬರುವ ಮಾಸಾಯಿ ಹೆಂಗಸರು.]

ನಮಸ್ಕಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೀನ್ಯಾದ ನರೋಕ್, ಕಾಜಿಯಾಡೋ, ಗಡಿ ದಾಟಿದರೆ ಟಾಂಜಾನಿಯಾದ ಅರೂಷಾ ಕಡೆ, ಮಾಸಾಯಿ ಜನರ ನೆಲದಲ್ಲಿ ಒಣ ಕಾಲ. ಅಮೆರಿಕ, ಯುರೋಪಿನ ಚರ್ಚುಗಳಿಂದ ಒಂದೆರಡು ವಾರದ ಸೇವೆಗೆ ಅಂತ ಸ್ವಯಂಸೇವಕರು ಬರೋದೂ ಹೆಚ್ಚಾಗಿ ಇದೇ ತಿಂಗಳುಗಳಲ್ಲಿ, ಅವರಿಗೆ ರಜೆ ಸಿಗೋದು ಆಗ. ಬಂದವರು ನೋಡೋದು ಬತ್ತಿದ ಕಟ್ಟೆ, ನೀರಿಗಾಗಿ ಗಂಟೆಗಟ್ಟಲೆ ನಡೆಯೋ ತಾಯಂದಿರು. ಮನಸ್ಸು ಕರಗುತ್ತೆ. ಊರಿಗೆ ಹೋಗಿ ಹಣ ಕೂಡಿಸ್ತಾರೆ, ಬೋರ್‌ವೆಲ್ ಕೊರೆಸ್ತಾರೆ. ನೀರು ಬಿದ್ದ ದಿನ ಪ್ರಾರ್ಥನೆ, ಹಾಡು, ಕುಣಿತ. ನೀರು ಕನ್ನಡಿಯಷ್ಟು ತಿಳಿ, ವಾಸನೆ ಇಲ್ಲ.

ಹೀಗೆ ಶುರುವಾದ ಕೆಲವು ಊರುಗಳಲ್ಲಿ, ಒಂದಷ್ಟು ವರ್ಷ ಕಳೆದ ಮೇಲೆ, ಹಾಲುಹಲ್ಲು ಬಿದ್ದ ಮಕ್ಕಳಿಗೆ ಹೊಸ ಹಲ್ಲು ಕಂದು ಕಲೆಗಳ ಸಮೇತ ಮೂಡುತ್ತೆ. ಯಾಕೆ?

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರು ಇಷ್ಟೊತ್ತಿಗೆ ಉತ್ತರ ಹೇಳಿರ್ತೀರಿ. ಫ್ಲೋರೈಡ್.

ನಿಮಗೆ ಗೊತ್ತಿರೋದನ್ನ ಬೇಗ ಮುಗಿಸ್ತೀನಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದು ಮೀರಿದರೆ ಹಲ್ಲಿಗೆ ಪೆಟ್ಟು, ಅದರಲ್ಲೂ ಸುಮಾರು 8 ವರ್ಷದ ಒಳಗಿನ ಮಕ್ಕಳಿಗೆ. ಇನ್ನೂ ಹೆಚ್ಚಾಗಿ, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತೆ. ಕುದಿಸಿದರೆ ಹೋಗಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತೆ.

ನಮ್ಮಲ್ಲಿ ಫ್ಲೋರೈಡ್ ಬರೋದು ಗ್ರಾನೈಟ್ ಬಂಡೆಯಿಂದ. ಅಲ್ಲಿ ಜ್ವಾಲಾಮುಖಿಯಿಂದ. ಪೂರ್ವ ಆಫ್ರಿಕಾದಲ್ಲಿ ನೆಲ ಬಿರಿದು ಆದ ರಿಫ್ಟ್ ಕಣಿವೆಯ ಅಂತರ್ಜಲದಲ್ಲಿ ಸೋಡಾ, ಅಂದರೆ ಸೋಡಿಯಂ ಉಪ್ಪು, ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸಬೇಕಾದ ಕ್ಯಾಲ್ಸಿಯಂ ಇಲ್ಲದಿದ್ದರೆ ಅದು ನೀರಲ್ಲೇ ಕರಗಿರುತ್ತೆ. ಮಾಸಾಯಿಗಳು ದೇವರ ಬೆಟ್ಟ ಅಂತ ಕೈಮುಗಿಯೋ ಓಲ್ ದೋಯಿನ್ಯೋ ಲೆಂಗಾಯ್ ಇದೆಯಲ್ಲ, ಸೋಡಾ ತುಂಬಿದ ಲಾವಾ ಉಗುಳುವ ಜೀವಂತ ಜ್ವಾಲಾಮುಖಿ ಜಗತ್ತಿನಲ್ಲಿ ಅದೊಂದೇ. ಕಪ್ಪಗೆ ಹರಿದ ಲಾವಾ ಆಮೇಲೆ ಬೆಳ್ಳಗಾಗುತ್ತೆ.

[ದೃಶ್ಯ: ಗೂಡಿನಿಂದ ಹೊರಬಂದ ಬೂದು ಬಣ್ಣದ ಮೂಳೆ ತುಂಡುಗಳು.]

ಈಗ ಈ ವಿಡಿಯೋ ಮಾಡೋಕೆ ಕಾರಣವಾದ ವಿಷಯ. ಮೂಳೆ ಕೆಡಿಸೋ ನೀರನ್ನು ಮೂಳೆಯಿಂದಲೇ ಸೋಸ್ತಾರೆ!

ಮಾಸಾಯಿ ನೆಲಕ್ಕೆ ತಾಗಿಕೊಂಡಿರೋ ನಕುರುವಿನಲ್ಲಿ, ಅಲ್ಲಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯ 1998ರಲ್ಲಿ ಈ ಕೆಲಸ ಶುರು ಮಾಡಿತು. ದನದ ಮೂಳೆ ಸುಟ್ಟು ಇದ್ದಿಲು ಮಾಡಿ ಬಕೆಟ್ಟಿಗೆ ತುಂಬೋದು. ಹೇಗೆ ಕೆಲಸ ಮಾಡುತ್ತೆ? ಬಸ್ ನಿಲ್ದಾಣ ನೆನಪಿಸಿಕೊಳ್ಳಿ. ಬಸ್ ಇನ್ನೂ ನಿಂತಿರಲ್ಲ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡೀತಾರಲ್ಲ? ಮೂಳೆಯ ಖನಿಜದಲ್ಲಿ ಫ್ಲೋರೈಡಿಗೆ ಸರಿಯಾಗಿ ಹೊಂದೋ ಸೀಟುಗಳಿವೆ. ಮಗುವಿನ ಮೂಳೆಯಲ್ಲಿ ಅದು ಹೋಗಿ ಕೂರೋದೂ ಅಂಥ ಸೀಟಿನಲ್ಲೇ. ಸತ್ತ ದನದ ಮೂಳೆ ದಾರಿಯಲ್ಲೇ ಖಾಲಿ ಸೀಟು ತೋರಿಸಿದರೆ ಫ್ಲೋರೈಡ್ ಅಲ್ಲೇ ಕೂತುಬಿಡುತ್ತೆ, ಮಗುವಿನವರೆಗೆ ಬರೋದೇ ಇಲ್ಲ. ಆದರೆ ಸೀಟು ತುಂಬಿದ ಮೇಲೆ ಹತ್ತಿದವರು ಮುಂದಕ್ಕೆ ಸಾಗಲೇಬೇಕು. ಇದ್ದಿಲಿನ ಪಾಡೂ ಅಷ್ಟೆ.

ಲೆಕ್ಕ ಹಾಕೋಣ. 1 ಕಿಲೋ ಇದ್ದಿಲು 2 ಗ್ರಾಂ ಫ್ಲೋರೈಡ್ ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ. ನೀರಲ್ಲಿ ಲೀಟರಿಗೆ 6 ಮಿಲಿಗ್ರಾಂ ಇದೆ, 1ಕ್ಕೆ ಇಳಿಸಬೇಕು. 10 ಕಿಲೋ ಇದ್ದಿಲು 4,000 ಲೀಟರಿಗೆ ಬರುತ್ತೆ. ಕುಡಿಯೋಕೆ, ಅಡುಗೆಗೆ ಮಾತ್ರ ದಿನಕ್ಕೆ 20 ಲೀಟರ್ ಬಳಸಿದರೆ 200 ದಿನ. ಅದೇ ಬೋರ್‌ವೆಲ್‌ನಲ್ಲಿ 12 ಮಿಲಿಗ್ರಾಂ ಇದ್ದರೆ ಮೂರು ತಿಂಗಳಿಗೇ ಮುಗೀತು. ಸ್ನಾನಕ್ಕೆ, ಬಟ್ಟೆಗೆ ಇದೇ ನೀರು ಬಳಸಿದರಂತೂ ವಾರಗಳ ಮಾತು. ಮುಗಿದದ್ದು ಕಣ್ಣಿಗೂ ಕಾಣಲ್ಲ, ನಾಲಿಗೆಗೂ ಗೊತ್ತಾಗಲ್ಲ.

ಮಾಡೋದು ಹೀಗೆ. ಒಣಗಿದ ಮೂಳೆಯನ್ನು ಮುಚ್ಚಿದ ಗೂಡಿನಲ್ಲಿ, ಗಾಳಿ ತೀರಾ ಕಡಿಮೆ ಬಿಟ್ಟು, ಸುಮಾರು 400 ಡಿಗ್ರಿ ಬಿಸಿಯಲ್ಲಿ ಸುಡಬೇಕು. ಹೊರಬಂದಾಗ ಬಣ್ಣ ನೋಡಿ. ಕಡುಕಪ್ಪಾಗಿದ್ದರೆ ಒಳಗೆ ಕೊಬ್ಬು, ಮಜ್ಜೆ ಇನ್ನೂ ಉಳಿದಿದೆ. ನೀರು ಹಳದಿಯಾಗಿ ನಾರುತ್ತೆ, ಎರಡನೇ ದಿನ ಯಾರೂ ಮುಟ್ಟಲ್ಲ. ಸುಣ್ಣದ ಹಾಗೆ ಬೆಳ್ಳಗಾಗಿದ್ದರೆ ಬಿಸಿ ಜಾಸ್ತಿಯಾಗಿ ಒಳಗಿನ ಸಣ್ಣ ರಂಧ್ರಗಳು ಮುಚ್ಚಿಹೋಗಿವೆ. ನೀರು ಚೆನ್ನಾಗೇ ಕಾಣುತ್ತೆ, ಫ್ಲೋರೈಡ್ ಮಾತ್ರ ಹಾಗೇ ಇರುತ್ತೆ. ಅಪಾಯ ಇದರಲ್ಲೇ ಹೆಚ್ಚು. ಬೂದು ಬಣ್ಣ ಬಂದರೆ ಸರಿ. ಆಮೇಲೆ ಕುಟ್ಟಿ ಜರಡಿ ಹಿಡಿದು ರಾಗಿ ಕಾಳಿನ ಗಾತ್ರದ್ದನ್ನು ಮಾತ್ರ ಇಟ್ಟುಕೊಳ್ಳಬೇಕು. ಪುಡಿ ಸೇರಿದರೆ ನಲ್ಲಿ ಕಟ್ಟುತ್ತೆ, ದಪ್ಪ ತುಂಡಾದರೆ ನೀರು ಸಂದಿಯಲ್ಲಿ ಓಡಿಹೋಗುತ್ತೆ. ಬಗ್ಗಡ ಹೋಗೋವರೆಗೂ ತೊಳೀಬೇಕು. ನಲ್ಲಿ ಸಣ್ಣಗೆ ಬಿಡಬೇಕು, ನೀರಿಗೂ ಮೂಳೆಗೂ ಒಡನಾಟ ಬೇಕು.

ನಮ್ಮ ಕಡೆ ಯಾಕಿಲ್ಲ ಅಂತ ಕೇಳಬಹುದು. ಮೂಳೆ ಮುಟ್ಟಿದ ನೀರನ್ನು ಎಷ್ಟೋ ಮನೆಗಳು ಒಪ್ಪಲ್ಲ, ಅದು ಅವರ ಹಕ್ಕು. ನಮ್ಮಲ್ಲಿ ನಾಗಪುರದ ನೀರಿ (NEERI, ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಪಟಿಕ, ಸುಣ್ಣ ಬಳಸೋ ನಲ್ಗೊಂಡ ವಿಧಾನ ರೂಪಿಸಿತು. ನಮ್ಮ ಪಕ್ಕದ ತೆಲಂಗಾಣದ ಆ ಊರಿನ ಹೆಸರು ಹೊತ್ತ ವಿಧಾನ ಅರೂಷಾ ಹತ್ತಿರದ ನ್ಗುರ್‌ದೋಟೋ ಸಂಶೋಧನಾ ಕೇಂದ್ರದವರೆಗೂ ಹೋಗಿದೆ. ಫ್ಲೋರೈಡ್ ತುಂಬ ಜಾಸ್ತಿ ಇದ್ದ ಕಡೆ ಪಟಿಕವೂ ಅಷ್ಟೇ ಸುರೀಬೇಕು, ಆಗ ಅದರ ಉಪ್ಪು ನೀರಲ್ಲೇ ಉಳಿಯುತ್ತೆ. ಇನ್ನು ದನ ಸಾಕಿ, ದನವನ್ನೇ ನಂಬಿ ಬದುಕೋ ಮಾಸಾಯಿಗಳ ಬೊಮಾದಲ್ಲಿ, ಅಂದರೆ ಬೇಲಿ ಸುತ್ತಿದ ಅವರ ಮನೆಗಳ ಗುಂಪಿನಲ್ಲಿ, ದನದ ಮೂಳೆ ಅಂದರೆ ಯಾರೂ ಮುಖ ತಿರುಗಿಸಲ್ಲ. ಆದರೂ ಹಿರಿಯರನ್ನು ಕೇಳದೆ ಬಕೆಟ್ ಇಳಿಸಬಾರದು.

[ದೃಶ್ಯ: ತಗಡಿನ ಮಾಡಿನ ಚರ್ಚು, ಪಕ್ಕದಲ್ಲಿ ಕಪ್ಪು ನೀರಿನ ಟ್ಯಾಂಕು.]

ಸಮಯ ಕಡಿಮೆ ಇದೆ, ಆದರೆ ಇದನ್ನು ಬಿಡೋಕಾಗಲ್ಲ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲ ಅನ್ನುವಷ್ಟು ಕಡಿಮೆ. ಹೆಚ್ಚಿನ ಬೊಮಾಗಳಲ್ಲಿ ಸಗಣಿ ಮೆತ್ತಿದ ಮನೆಗಳು, ಅಲ್ಲಿ ಮಳೆನೀರು ಹಿಡಿಯೋಕಾಗಲ್ಲ. ತಗಡಿನ ದೊಡ್ಡ ಮಾಡು ಇರೋದು ಚರ್ಚಿಗೆ, ಶಾಲೆಗೆ. 100 ಚದರ ಮೀಟರ್ ಮಾಡಿನ ಮೇಲೆ 125 ಮಿಲಿಮೀಟರ್ ಮಳೆ ಬಿದ್ದರೆ, ಐದರಲ್ಲೊಂದು ಪಾಲು ಚೆಲ್ಲಿ ಹೋದರೂ 10,000 ಲೀಟರ್ ಟ್ಯಾಂಕ್ ತುಂಬುತ್ತೆ. ಮನೆಗೆ ದಿನಕ್ಕೆ 20 ಲೀಟರ್ ಅಂದರೆ 10 ಮನೆಗೆ 50 ದಿನದ ಕುಡಿಯೋ ನೀರು. ಮಾರ್ಚ್‌ನಿಂದ ಮೇ ಒಂದು ಮಳೆಗಾಲ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಮಾಸಾಯಿಗಳ ಮಾ ಭಾಷೆಯಲ್ಲಿ ದೇವರಿಗೂ ಮಳೆಗೂ ಒಂದೇ ಪದ: ಎನ್‌ಕಾಯ್. ಅಲ್ಲಿನ ಕ್ರೈಸ್ತರೂ ದೇವರನ್ನು ಆ ಹೆಸರಿನಿಂದಲೇ ಕರೀತಾರೆ. ಆ ಪದ ಕಲಿತು ಬರೋ ತಂಡ ಮೊದಲು ಮಾಡಿನ ಅಂಚಿಗೆ ಮಳೆನೀರು ಹಿಡಿಯೋ ದೋಣಿ ಕಟ್ಟಲಿ ಅನ್ನೋದು ನನ್ನ ಬಲವಾದ ಅಭಿಪ್ರಾಯ. ಮೊದಲ ಮಳೆಯ ಧೂಳು ನೀರನ್ನು ಟ್ಯಾಂಕಿಗೆ ಬಿಡಬಾರದು, ಅಷ್ಟೆ.

ಉಳಿದದ್ದು ಒಟ್ಟಿಗೆ ಹೇಳ್ತೀನಿ. ಬೋರ್‌ವೆಲ್ ಬೇಕೇ ಬೇಕು ಅಂದರೆ ಪಂಪ್ ಇಳಿಸೋ ಮೊದಲೇ ನೀರು ಪರೀಕ್ಷೆಯಾಗಲಿ. ಅಕ್ಕಪಕ್ಕದ ಎರಡು ಬೋರ್‌ಗಳಲ್ಲೂ ಫ್ಲೋರೈಡ್ ಬೇರೆಬೇರೆ ಇರಬಹುದು. ಹೆಚ್ಚು ಬಂದರೆ ಆ ನೀರು ತೊಳೆಯೋಕೆ ಅಂತ ಬೇರೆ ನಲ್ಲಿ. ಸಮಿತಿಯಲ್ಲಿ ನೀರು ಹೊರೋ ಹೆಂಗಸರು ಇರಲಿ, ಕೀಲಿ ಅವರ ಕೈಯಲ್ಲಿರಲಿ. ಸೋಸುವ ಬಕೆಟ್ ಮೇಲೆ ಇದ್ದಿಲು ತುಂಬಿದ ತಾರೀಕು, ಮತ್ತೆ ಪರೀಕ್ಷೆ ಮಾಡಬೇಕಾದ ತಾರೀಕು, ಎರಡನ್ನೂ ಅಳಿಸದ ಬಣ್ಣದಲ್ಲಿ ಬರೆದಿಡಬೇಕು. ಎರಡನೇ ತಾರೀಕು ಬರೋ ಹೊತ್ತಿಗೆ ತಂಡ ವಿಮಾನ ಹತ್ತಿ ತಿಂಗಳುಗಳಾಗಿರುತ್ತೆ. ಹಾಗಾಗಿ ಪರೀಕ್ಷೆಯ ಕಿಟ್ ಬಳಸೋದನ್ನು ಕಲಿಯಬೇಕಾದವರು ಆ ಊರಿನ ಇಬ್ಬರು, ತಂಡ ಅಲ್ಲಿರುವಾಗಲೇ.