ಹತ್ತು ವರ್ಷಗಳ ನಂತರದ ಏಪ್ರಿಲ್

ಎಲ್ಲರಿಗೂ ನಮಸ್ಕಾರ.

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಸಿರು ಮೈದಾನ, ಕೊಡಗಿನ ಹುಡುಗರು, ಬೇಸಿಗೆಯ ಬಿಸಿಲಿನಲ್ಲಿ ನಡೆಯುವ ಕೊಡವ ಕುಟುಂಬಗಳ ಪಂದ್ಯಾವಳಿ. ನಾನು ಇವತ್ತು ಹೇಳಲು ಬಂದಿರುವ ಐಸ್ ಹಾಕಿಯಲ್ಲಿ ಹುಲ್ಲೂ ಇಲ್ಲ, ಚೆಂಡೂ ಇಲ್ಲ. ಕನ್ನಡಿಯಂಥ ಮಂಜುಗಡ್ಡೆಯ ನೆಲ, ಕಾಲಿಗೆ ಉಕ್ಕಿನ ಅಲಗಿನ ಸ್ಕೇಟ್, ಚೆಂಡಿನ ಬದಲು ಪಕ್ ಎಂದು ಕರೆಯುವ ಗಟ್ಟಿ ರಬ್ಬರಿನ ಕರಿ ಬಿಲ್ಲೆ. ಒಂದೊಂದು ಕಡೆ ಐವರು ಆಟಗಾರರು ಮತ್ತು ಒಬ್ಬ ಗೋಲ್‌ಕೀಪರ್. ಇಪ್ಪತ್ತು ನಿಮಿಷಗಳ ಮೂರು ಅವಧಿ. ಓಟದ ವೇಗ ಎಷ್ಟೆಂದರೆ, ಒಬ್ಬ ಆಟಗಾರ ಮುಕ್ಕಾಲು ನಿಮಿಷ ಆಡುವಷ್ಟರಲ್ಲಿ ಏದುಸಿರು ಬಿಡುತ್ತಾ ಬೆಂಚಿಗೆ ಮರಳುತ್ತಾನೆ, ಆಟ ನಡೆಯುತ್ತಿರುವಾಗಲೇ ಅವನ ಜಾಗಕ್ಕೆ ಇನ್ನೊಬ್ಬ ಧುಮುಕುತ್ತಾನೆ.

ಕೆನಡಾದ ಎಡ್ಮಂಟನ್ ನಗರದಲ್ಲಿ ನಾನು ಹಲವು ವರ್ಷ ಇದ್ದೆ. ಡಿಸೆಂಬರಿನಲ್ಲಿ ಅಲ್ಲಿನ ಹಗಲು ಏಳೂವರೆ ಗಂಟೆ ಮಾತ್ರ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಮನೆಗೆ ಬರಬೇಕು. ಅಂಥ ಊರಿನಲ್ಲಿ ಚಳಿಗಾಲವನ್ನು ದಾಟಿಸುವುದು ಒಂದು ತಂಡ, ಎಡ್ಮಂಟನ್ ಆಯಿಲರ್ಸ್. ಆ ತಂಡ ಹತ್ತು ವರ್ಷ ಪ್ಲೇಆಫ್ ಮುಖ ನೋಡದೆ, 2017ರ ಏಪ್ರಿಲ್‌ನಲ್ಲಿ ಮರಳಿ ಅಲ್ಲಿಗೆ ತಲುಪಿದ ಕಥೆಯನ್ನು ಹೇಳುತ್ತೇನೆ. 18 ವರ್ಷ ಒಂದು ಕಪ್‌ಗಾಗಿ ಕಾದ ಬೆಂಗಳೂರಿನ ಜನಕ್ಕೆ ಕಾಯುವುದೇನೆಂದು ನಾನು ವಿವರಿಸಬೇಕಾಗಿಲ್ಲ.

ಮೊದಲು ಹಿಂದಿನ ವೈಭವ. ಈ ತಂಡ 1979ರಲ್ಲಿ ನ್ಯಾಷನಲ್ ಹಾಕಿ ಲೀಗ್ ಸೇರಿತು. 1984, 85, 87, 88 ಮತ್ತು 90ರಲ್ಲಿ ಆ ಲೀಗ್‌ನ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಗೆದ್ದಿತು. ವೇಯ್ನ್ ಗ್ರೆಟ್ಸ್ಕಿಯ ಹೆಸರನ್ನು ನೀವು ಕೇಳಿರಬಹುದು, ಆತ ಬೆಳೆದು ನಿಂತದ್ದು ಇಲ್ಲೇ. 1988ರ ಆಗಸ್ಟ್‌ನಲ್ಲಿ ಆತನನ್ನು ಲಾಸ್ ಏಂಜಲೀಸ್‌ಗೆ ಕೊಟ್ಟಾಗ ಊರು ಅತ್ತಿತು. ಆ ದಿನದ ಮಾತು ಬಂದರೆ ಹಿರಿಯರು ಈಗಲೂ ದನಿ ತಗ್ಗಿಸುತ್ತಾರೆ.

2006ರಲ್ಲಿ ಎಂಟನೆಯ ಸ್ಥಾನದಿಂದ ನುಸುಳಿಕೊಂಡು ಪ್ಲೇಆಫ್ ಸೇರಿದ ಆಯಿಲರ್ಸ್ ಯಾರೂ ಎಣಿಸದಂತೆ ಫೈನಲ್ ತಲುಪಿತು. ಏಳು ಪಂದ್ಯಗಳವರೆಗೆ ನಡೆಯಬಹುದಾದ ಆ ಫೈನಲ್‌ನ ಮೊದಲ ಪಂದ್ಯದಲ್ಲೇ ಗೋಲ್‌ಕೀಪರ್ ಡ್ವೇನ್ ರೋಲೊಸನ್ ಗಾಯಗೊಂಡರು. ಆದರೂ ತಂಡ ಏಳನೆಯ ಪಂದ್ಯದವರೆಗೆ ಎಳೆದಾಡಿ, ಅಲ್ಲಿ ಕ್ಯಾರೊಲಿನಾ ಹರಿಕೇನ್ಸ್ ಎದುರು 3-1ರಿಂದ ಸೋತಿತು. ಮುಂದಿನ ವರ್ಷ ನೋಡೋಣ ಎಂದು ಜನ ಸಮಾಧಾನ ಮಾಡಿಕೊಂಡರು. ಆ ಮುಂದಿನ ವರ್ಷ ಬರಲು ಹತ್ತು ಋತುಗಳು ಬೇಕಾದವು. ಆ ಲೀಗ್‌ನಲ್ಲಿ ಅಷ್ಟು ದೀರ್ಘಕಾಲ ಹೊರಗುಳಿದ ತಂಡ ಅಲ್ಲಿಯವರೆಗೆ ಇನ್ನೊಂದೇ ಇತ್ತು, ಫ್ಲಾರಿಡಾ ಪ್ಯಾಂಥರ್ಸ್.

ನನ್ನ ಪಕ್ಕದ ಮನೆಯಲ್ಲಿ ನಿವೃತ್ತರೊಬ್ಬರಿದ್ದರು. ಪ್ಲೇಆಫ್ ಸಮಯದಲ್ಲಿ ಕಾರಿನ ಕಿಟಕಿಗೆ ತಂಡದ ಪುಟ್ಟ ಬಾವುಟ ಸಿಕ್ಕಿಸಿಕೊಳ್ಳುವುದು ಅಲ್ಲಿನ ರೂಢಿ. 2006ರ ಬಾವುಟವನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗ್ಯಾರೇಜಿನ ಮೊಳೆಯೊಂದಕ್ಕೆ ನೇತುಹಾಕಿದ್ದರು. ಹಿಮ ಎತ್ತಿಹಾಕುವ ಸಲಿಕೆ ತರಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಯಾಕೆ ತೆಗೆಯುವುದಿಲ್ಲ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಈ ಹತ್ತು ವರ್ಷಗಳಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಲ್ಲಿನ ಪದ್ಧತಿಯಲ್ಲಿ, ಪಟ್ಟಿಯ ತಳದಲ್ಲಿರುವ ತಂಡಕ್ಕೆ ಹೊಸ ಹುಡುಗರ ಆಯ್ಕೆಯಲ್ಲಿ ಮೊದಲ ಸರದಿ ಸಿಗುವ ಅವಕಾಶ ಹೆಚ್ಚು. ಅದಕ್ಕೊಂದು ಲಾಟರಿ ಇದೆ. ದುರ್ಬಲರು ಮೇಲೇಳಲಿ ಎಂಬುದು ಅದರ ಉದ್ದೇಶ. 2010ರಲ್ಲಿ ಟೇಲರ್ ಹಾಲ್, 2011ರಲ್ಲಿ ರಯಾನ್ ನ್ಯೂಜೆಂಟ್-ಹಾಪ್ಕಿನ್ಸ್, 2012ರಲ್ಲಿ ನೇಲ್ ಯಾಕುಪೊವ್, ಹೀಗೆ ಸತತ ಮೂರು ವರ್ಷ ದೇಶದೇಶಗಳ ಹುಡುಗರಲ್ಲಿ ಮೊದಲನೆಯವನೆನಿಸಿದವನು ಎಡ್ಮಂಟನ್‌ಗೇ ಬಂದ. ಆದರೂ ತಂಡ ಮೇಲೇಳಲಿಲ್ಲ. 2006ರಿಂದ 2016ರೊಳಗೆ ಏಳು ಜನ ಕೋಚ್‌ಗಳು ಬದಲಾದರು. ಒಬ್ಬ ಕೋಚ್ ಕಲಿಸಿದ್ದನ್ನು ಇನ್ನೊಬ್ಬ ಕೋಚ್ ಮರೆಸುತ್ತಿದ್ದ. ಮುನ್ನುಗ್ಗಿ ಗೋಲು ಹೊಡೆಯುವ ಹುಡುಗರಿದ್ದರು, ಹಿಂದೆ ನಿಂತು ಕಾಯುವವರು ಇರಲಿಲ್ಲ. ತಳಪಾಯ ಹಾಕದೆ ಗೋಪುರಕ್ಕೆ ಕಳಶ ತಂದ ಹಾಗಾಗಿತ್ತು ಅದು.

ಆ ಕಾಲದ ಒಂದು ದೃಶ್ಯ ನನಗೆ ಮರೆಯುವುದಿಲ್ಲ. 2014ರ ಜನವರಿಯಲ್ಲಿ ಬೆನ್ ಸ್ಕ್ರಿವೆನ್ಸ್ ಎಂಬ ಗೋಲ್‌ಕೀಪರ್ ಸ್ಯಾನ್ ಹೊಸೆ ಶಾರ್ಕ್ಸ್ ವಿರುದ್ಧ 59 ಹೊಡೆತಗಳನ್ನು ತಡೆದು ಒಂದೂ ಗೋಲು ಬಿಡಲಿಲ್ಲ. ಅದು ಲೀಗ್ ದಾಖಲೆ. ಎರಡೇ ತಿಂಗಳ ನಂತರ, ನೆರೆಯ ಕ್ಯಾಲ್ಗರಿಯ ಎದುರು ತಂಡ 8-1ರಿಂದ ಸೋಲುತ್ತಿದ್ದಾಗ ಪ್ರೇಕ್ಷಕನೊಬ್ಬ ತಾನು ತೊಟ್ಟಿದ್ದ ಆಯಿಲರ್ಸ್ ಜೆರ್ಸಿಯನ್ನೇ ಕಳಚಿ ಮಂಜಿನ ಮೇಲೆ ಎಸೆದ. ಅದೇ ಸ್ಕ್ರಿವೆನ್ಸ್ ಅದನ್ನು ಸ್ಟಿಕ್ಕಿನಿಂದ ಎತ್ತಿ ಗಾಜಿನ ಗೋಡೆಯಾಚೆ ಜನರತ್ತ ಹಿಂದಕ್ಕೆ ಎಸೆದರು. ಯಾರದು ಸರಿ? ಆ ವಾರವೆಲ್ಲ ನನ್ನ ಕಚೇರಿಯಲ್ಲಿ ಇದೇ ವಾದ. ನನಗಂತೂ ಇಬ್ಬರ ನೋವೂ ಒಂದೇ ಎನಿಸಿತ್ತು. ಜೆರ್ಸಿ ಎಸೆದವನೂ ದುಡ್ಡು ಕೊಟ್ಟು, ಮೈ ಕೊರೆಯುವ ಚಳಿಯಲ್ಲಿ ಅಲ್ಲಿಗೆ ಬಂದವನೇ ತಾನೇ?

2015ರಲ್ಲಿ ಮತ್ತೆ ಲಾಟರಿ ಒಲಿಯಿತು. ಗೆಲ್ಲುವ ಸಾಧ್ಯತೆ ಇದ್ದದ್ದು ಶೇ 11.5 ಮಾತ್ರ. ಹಾಗೆ ಬಂದವನು ಕಾನರ್ ಮೆಕ್‌ಡೇವಿಡ್. ಮೊದಲ ವರ್ಷವೇ ಕೊರಳೆಲುಬು ಮುರಿದು 37 ಪಂದ್ಯ ಹೊರಗುಳಿದ. ತಂಡ ಮೂವತ್ತರಲ್ಲಿ 29ನೆಯ ಸ್ಥಾನಕ್ಕೆ ಕುಸಿಯಿತು. ಗಳಿಸಿದ ಅಂಕ 70.

ಇಲ್ಲಿಂದ ಮುಂದೆ ಒಂದೇ ವರ್ಷದಲ್ಲಿ ತಂಡಕ್ಕೆ 103 ಅಂಕ. ಮೆಕ್‌ಡೇವಿಡ್ ಬಂದ, ತಂಡ ಉದ್ಧಾರವಾಯಿತು ಎಂದು ಎಲ್ಲರೂ ಹೇಳುವ ವಿವರಣೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. 19ನೆಯ ವಯಸ್ಸಿಗೆ ಲೀಗ್ ಚರಿತ್ರೆಯ ಅತಿ ಕಿರಿಯ ನಾಯಕನಾದ ಆ ಹುಡುಗ 30 ಗೋಲು, 70 ಅಸಿಸ್ಟ್ ಅಂದರೆ ಇತರರ ಗೋಲಿಗೆ ನೆರವಾದ ಪಾಸ್ ಸೇರಿಸಿ, ಆಟಗಾರನ ಲೆಕ್ಕದಲ್ಲಿ ಸರಿಯಾಗಿ 100 ಅಂಕ ಗಳಿಸಿದ್ದು ನಿಜ. ಆ ಋತುವಿನಲ್ಲಿ ನೂರು ಮುಟ್ಟಿದವನು ಲೀಗ್‌ನಲ್ಲೇ ಅವನೊಬ್ಬ. ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಅವನಿಗೇ ಬಂತು. ಜರ್ಮನಿಯ ಲಿಯಾನ್ ಡ್ರೈಸೈಟಲ್ 77 ಅಂಕಗಳೊಂದಿಗೆ ಅವನಿಗೆ ಹೆಗಲು ಕೊಟ್ಟ. ಆದರೆ ಮೊದಲ ಸರದಿಯ ಪ್ರತಿಭೆ ಎಡ್ಮಂಟನ್‌ಗೆ ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ಬೇರೆ ಎರಡು.

ಮೊದಲನೆಯದು 2016ರ ಜೂನ್ 29ರಂದು ನಡೆಯಿತು. ಆರು ವರ್ಷ ತಂಡದ ಮುಖವೇ ಆಗಿದ್ದ ಟೇಲರ್ ಹಾಲ್‌ನನ್ನು ನ್ಯೂಜೆರ್ಸಿಗೆ ಕೊಟ್ಟು, ಬದಲಿಗೆ ಆಡಮ್ ಲಾರ್ಸನ್ ಎಂಬ ಸ್ವೀಡನ್ನಿನ ಡಿಫೆಂಡರ್‌ನನ್ನು ತಂದರು. ಒಬ್ಬನಿಗೆ ಒಬ್ಬ, ಮೇಲೆ ಬಿಡಿಗಾಸೂ ಇಲ್ಲ. ಜನ ಕೆರಳಿ ಕೆಂಡವಾದರು. ನಾನೂ ಆದೆ. ಗೋಲು ಹೊಡೆಯುವವನನ್ನು ಕೊಟ್ಟು ಗೋಲು ತಪ್ಪಿಸುವವನನ್ನು ತರುವುದು ಯಾವ ವ್ಯಾಪಾರ ಎಂದು ಊಟದ ಮೇಜಿನಲ್ಲಿ ಕೂಗಾಡಿದೆ. ಲಾರ್ಸನ್ ಕೆಲಸ ಕಾಣುವಂಥದ್ದಲ್ಲ. ಎದುರಾಳಿಯನ್ನು ಗೋಡೆಗೆ ಒತ್ತಿಹಿಡಿಯುವುದು, ಹೊಡೆತಕ್ಕೆ ಮೈಯೊಡ್ಡುವುದು, ಪಕ್ಕನ್ನು ಸದ್ದಿಲ್ಲದೆ ಹೊರಗೆ ದಾಟಿಸುವುದು. ಋತುವಿಡೀ ಅವನು ಹೊಡೆದ ಗೋಲು ನಾಲ್ಕು. ಆದರೆ ಡಿಸೆಂಬರ್ ಹೊತ್ತಿಗೆ, ಹಿಂದಿನ ವರ್ಷಗಳಲ್ಲಿ ಕೈಜಾರುತ್ತಿದ್ದ ಪಂದ್ಯಗಳು ಕೈಯಲ್ಲೇ ಉಳಿಯತೊಡಗಿದ್ದನ್ನು ನಾನು ಕಂಡೆ. ಮಾತು ಹಿಂತೆಗೆದುಕೊಂಡೆ.

ಎರಡನೆಯದು ಗೋಲ್‌ಕೀಪರ್ ಕ್ಯಾಮ್ ಟಾಲ್ಬಟ್. ನ್ಯೂಯಾರ್ಕ್ ರೇಂಜರ್ಸ್‌ನಲ್ಲಿ ಹೆನ್ರಿಕ್ ಲುಂಡ್‌ಕ್ವಿಸ್ಟ್ ಎಂಬ ದೊಡ್ಡ ಹೆಸರಿನ ಹಿಂದೆ ಬೆಂಚಿನಲ್ಲಿ ಕೂತಿದ್ದವರು. ಆ ಋತುವಿನ 82 ಪಂದ್ಯಗಳಲ್ಲಿ 73ರಲ್ಲಿ ಅವರೇ ಗೋಲು ಕಾದರು. 42 ಗೆಲುವು, ತಂಡದ ವೈಭವದ ದಿನಗಳ ಗೋಲ್‌ಕೀಪರ್ ಗ್ರಾಂಟ್ ಫ್ಯೂರ್ ಕಾಲದ ದಾಖಲೆಯನ್ನು ಮೀರಿದ ಲೆಕ್ಕ. ಆರು ತಿಂಗಳು, ಎರಡು-ಮೂರು ರಾತ್ರಿಗೆ ಒಂದರಂತೆ, ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲೂ ಬರಬಲ್ಲ ಬಿಲ್ಲೆಗೆ ಎದೆಯೊಡ್ಡಿ ನಿಲ್ಲುವುದನ್ನು ಸುಮ್ಮನೆ ಊಹಿಸಿಕೊಳ್ಳಿ. ನನ್ನ ಲೆಕ್ಕದಲ್ಲಿ ಆ ವರ್ಷದ ಹೀರೊ ಟಾಲ್ಬಟ್.

ಆ ಋತುವಿನಲ್ಲೇ, ಜನವರಿಯಲ್ಲಿ, ಪಂಜಾಬಿ ಮೂಲದ ಕೆನಡಾದ ಹುಡುಗ ಜುಝಾರ್ ಖೈರಾ ಆಯಿಲರ್ಸ್ ಪರ ತನ್ನ ಮೊದಲ ಲೀಗ್ ಗೋಲು ಹೊಡೆದ. ಅಲ್ಲಿ ಹಾಕಿಯ ವೀಕ್ಷಕ ವಿವರಣೆ ಪಂಜಾಬಿಯಲ್ಲಿಯೂ ಬರುತ್ತದೆ. ನನಗೆ ಅರ್ಥವಾಗುತ್ತಿದ್ದದ್ದು ಕಾಲುಭಾಗ, ಆದರೂ ಆ ವಾಹಿನಿಯನ್ನೇ ಹಾಕಿಕೊಂಡು ಕೂರುತ್ತಿದ್ದೆ. ಅದರಲ್ಲಿ ಮನೆಯ ಧಾಟಿಯಿತ್ತು.

ಮಾರ್ಚ್ 28ರಂದು ಲಾಸ್ ಏಂಜಲೀಸ್ ಕಿಂಗ್ಸ್ ಎದುರು 2-1ರ ಗೆಲುವು. ಪ್ಲೇಆಫ್ ಖಚಿತವಾಯಿತು. ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಪಕ್ಕದ ಮನೆಯ ಗ್ಯಾರೇಜಿನ ಬಾಗಿಲು ತೆರೆದಿತ್ತು. ಚೀಲ ನೆಲದ ಮೇಲಿತ್ತು, ಬಾವುಟ ಕಾರಿನ ಕಿಟಕಿಯಲ್ಲಿತ್ತು. ಹತ್ತು ವರ್ಷ ಮಡಿಕೆಯಲ್ಲೇ ಇದ್ದುದರಿಂದ ನಡುವೆ ಒಂದು ಬಿಳಿ ಗೆರೆ ಮೂಡಿತ್ತು. ಅವರು ಅದನ್ನು ಹೆಬ್ಬೆರಳಿನಿಂದ ತೀಡುತ್ತಾ ನಿಂತಿದ್ದರು.

ಅಲ್ಲಿನ ಪ್ಲೇಆಫ್ ನಮ್ಮ ಐಪಿಎಲ್‌ನಂತೆ ಒಂದೆರಡು ಪಂದ್ಯದಲ್ಲಿ ಮುಗಿಯುವುದಿಲ್ಲ. ಹದಿನಾರು ತಂಡಗಳು, ನಾಲ್ಕು ಸುತ್ತು, ಪ್ರತಿ ಸುತ್ತಿನಲ್ಲೂ ಮೊದಲು ನಾಲ್ಕು ಪಂದ್ಯ ಗೆದ್ದವರು ಮುಂದಕ್ಕೆ. ಮೊದಲ ಸುತ್ತಿನ ಎದುರಾಳಿ, ಹಿಂದಿನ ವರ್ಷ ಫೈನಲ್ ಆಡಿದ್ದ ಸ್ಯಾನ್ ಹೊಸೆ. ಹೊಸ ಕ್ರೀಡಾಂಗಣ ರೋಜರ್ಸ್ ಪ್ಲೇಸ್‌ನಲ್ಲಿ 18 ಸಾವಿರಕ್ಕೂ ಹೆಚ್ಚು ಜನ ಕಿತ್ತಳೆ ಬಣ್ಣದ ಅಂಗಿಯಲ್ಲಿ ತುಂಬಿದ್ದರು. 2-0 ಮುನ್ನಡೆಯಲ್ಲಿದ್ದ ಮೊದಲ ಪಂದ್ಯ ಹೆಚ್ಚುವರಿ ಅವಧಿಯಲ್ಲಿ ಕೈತಪ್ಪಿತು. ಎರಡನೆಯ ಪಂದ್ಯದಲ್ಲಿ 2-0 ಗೆಲುವು. ಎರಡೂ ಗೋಲು ಬಂದದ್ದು ಶಿಕ್ಷೆಯಿಂದಾಗಿ ತಮ್ಮ ಕಡೆ ಒಬ್ಬ ಕಡಿಮೆ ಇದ್ದಾಗ! ಮೂರನೆಯದು 1-0, ಟಾಲ್ಬಟ್ ಮತ್ತೆ ಒಂದೂ ಬಿಡಲಿಲ್ಲ. ನಾಲ್ಕನೆಯದರಲ್ಲಿ 7-0 ಸೋಲು. ಐದನೆಯದರಲ್ಲಿ 3-1 ಹಿಂದಿದ್ದ ತಂಡವನ್ನು ಆಸ್ಕರ್ ಕ್ಲೆಫ್‌ಬಾಮ್ ಮೂರು ನಿಮಿಷಕ್ಕಿಂತ ಕಡಿಮೆ ಉಳಿದಿರುವಾಗ ಸಮಕ್ಕೆ ತಂದ. ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ಹೊಡೆದವನು ಡೇವಿಡ್ ಡೆಹಾರ್ನೆ, ಎರಡು ತಿಂಗಳ ಹಿಂದಷ್ಟೇ ಮಾಂಟ್ರಿಯಲ್‌ನಿಂದ ಬಂದಿದ್ದ ಕುಳ್ಳನೆಯ ಆಟಗಾರ. ಆರನೆಯದನ್ನೂ ಗೆದ್ದು ಸುತ್ತು ದಾಟಿದರು.

ಎರಡನೆಯ ಸುತ್ತು ಅನಾಹೈಮ್ ಡಕ್ಸ್ ಎದುರು. ಮೊದಲ ಪಂದ್ಯದಲ್ಲಿ ಎರಡು ಗೋಲು ಹೊಡೆದು ಗೆಲ್ಲಿಸಿದವನು ಯಾರು ಗೊತ್ತೇ? ಇಡೀ ಋತುವಿಗೆ ನಾಲ್ಕೇ ಗೋಲು ಹೊಡೆದಿದ್ದ ಲಾರ್ಸನ್!

ಏಪ್ರಿಲ್ 30, ಎಡ್ಮಂಟನ್‌ನಲ್ಲಿ ಮೂರನೆಯ ಪಂದ್ಯ. ಎದುರಾಳಿ ಅಮೆರಿಕದ ತಂಡವಾದ್ದರಿಂದ ಎರಡೂ ದೇಶಗಳ ಗೀತೆ ಹಾಡಬೇಕು. ಗಾಯಕ ಬ್ರೆಟ್ ಕಿಸ್ಸೆಲ್ ಅಮೆರಿಕದ ಗೀತೆ ಶುರುಮಾಡಿದರೆ ಮೈಕಿನಿಂದ ಧ್ವನಿಯೇ ಇಲ್ಲ. ಒಂದು ಕ್ಷಣ ಮೌನ. ಅವರು ಕೈಯೆತ್ತಿ ಜನರತ್ತ ಸನ್ನೆ ಮಾಡಿದರು. ಕಿತ್ತಳೆ ಅಂಗಿಯ ಕೆನಡಿಯನ್ನರೆಲ್ಲ ಎದುರಾಳಿಯ ದೇಶದ ಗೀತೆಯನ್ನು ಗಟ್ಟಿ ಗಂಟಲಿನಲ್ಲಿ ಹಾಡತೊಡಗಿದರು. 2006ರಲ್ಲಿ ಪಾಲ್ ಲೊರಿಯೊ ಎಂಬ ಹಿರಿಯ ಗಾಯಕರು ಹಾಡು ನಿಲ್ಲಿಸಿ ಮೈಕನ್ನು ಜನರತ್ತ ಎತ್ತಿ ಹಿಡಿದು ಕೆನಡಾದ ಗೀತೆಯನ್ನು ಊರಿಗೆ ಊರೇ ಹಾಡುವಂತೆ ಮಾಡಿದ್ದರು. ಅವರು 2013ರಲ್ಲಿ ತೀರಿಕೊಂಡರು. ಆ ರಾತ್ರಿ ನನಗೆ ಅವರ ನೆನಪಾಯಿತು. ಪಂದ್ಯ 6-3ರಿಂದ ಸೋತೆವು. ನನ್ನ ಪಾಲಿಗೆ ಆ ಋತುವಿನ ಅತ್ಯಂತ ಎತ್ತರದ ಗಳಿಗೆ ಮಾತ್ರ ಅದೇ.

ಐದನೆಯ ಪಂದ್ಯದ ಬಗ್ಗೆ ಮಾತನಾಡಲು ಇವತ್ತಿಗೂ ಕಷ್ಟವಾಗುತ್ತದೆ. ಮೂರೂಕಾಲು ನಿಮಿಷ ಉಳಿದಿದ್ದಾಗ ಆಯಿಲರ್ಸ್ 3-0 ಮುಂದಿತ್ತು. ಡಕ್ಸ್ ತನ್ನ ಗೋಲ್‌ಕೀಪರ್‌ನನ್ನು ಹೊರಗೆ ಕರೆಸಿಕೊಂಡು ಆರನೆಯ ಆಟಗಾರನನ್ನು ಇಳಿಸಿತು. ಒಂದು ಗೋಲು. ಅರ್ಧ ನಿಮಿಷದಲ್ಲಿ ಇನ್ನೊಂದು. ಹದಿನೈದು ಸೆಕೆಂಡ್ ಇದ್ದಾಗ ಮೂರನೆಯದು. ಆ ಹೊತ್ತಿನಲ್ಲಿ ನೆಲಕ್ಕೆ ಬಿದ್ದಿದ್ದ ರಯಾನ್ ಕೆಸ್ಲರ್‌ನ ಕೈ ಟಾಲ್ಬಟ್ ಕಾಲಿನ ಪ್ಯಾಡನ್ನು ಸುತ್ತಿಕೊಂಡಿತ್ತು. ವಿಡಿಯೊ ನೋಡಿದ ಮೇಲೂ ಗೋಲು ಎಂದೇ ತೀರ್ಪಾಯಿತು. ಎರಡನೆಯ ಹೆಚ್ಚುವರಿ ಅವಧಿಯಲ್ಲಿ ಕೋರಿ ಪೆರಿ ಪಂದ್ಯ ಮುಗಿಸಿದ. ಆ ತೀರ್ಪು ತಪ್ಪು ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ಇಂಥ ಪೆಟ್ಟು ತಿಂದ ತಂಡ ಎರಡು ದಿನ ಬಿಟ್ಟು ಮನೆಯಂಗಳದಲ್ಲಿ 7-1ರಿಂದ ಗೆದ್ದಿತು. ಡ್ರೈಸೈಟಲ್ ಒಬ್ಬನೇ ಮೂರು ಗೋಲು ಹೊಡೆದ. ಹಳೆಯ ಎಡ್ಮಂಟನ್ ಆಗಿದ್ದರೆ ಆ ಎರಡು ದಿನಗಳಲ್ಲಿ ಕುಸಿದುಹೋಗುತ್ತಿತ್ತು. ಮೇ 10ರ ಏಳನೆಯ ಪಂದ್ಯದಲ್ಲಿ ಮೊದಲ ಗೋಲು ನಮ್ಮದೇ. ಅದನ್ನು ಸಮಗೊಳಿಸಿದವನು ಆಂಡ್ರ್ಯೂ ಕೊಗ್ಲಿಯಾನೊ, ಬರಗಾಲದ ವರ್ಷಗಳಲ್ಲಿ ನಮ್ಮ ಅಂಗಿ ತೊಟ್ಟು ಆಡಿದ್ದ ಹುಡುಗ. ಕೊನೆಗೆ 2-1. ಋತು ಮುಗಿಯಿತು.

ಮುಂದಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮರುವರ್ಷ ತಂಡ 78 ಅಂಕಕ್ಕೆ ಜಾರಿ ಮತ್ತೆ ಹೊರಗುಳಿಯಿತು. ಅದೇ ವರ್ಷ ನ್ಯೂಜೆರ್ಸಿಯಲ್ಲಿ ಟೇಲರ್ ಹಾಲ್ ಹಾರ್ಟ್ ಟ್ರೋಫಿ ಗೆದ್ದ, ಕೊನೆಗೂ ಪ್ಲೇಆಫ್ ಕಂಡ. ನನಗೆ ಅದು ತಂಪೆರೆದ ಸುದ್ದಿ. ಸೋಲಿನ ಆರು ವರ್ಷ ಹೊತ್ತವನು ಗೆಲುವಿನ ವರ್ಷದಲ್ಲಿ ನಮ್ಮೊಂದಿಗೆ ಇರಲಿಲ್ಲವೆಂಬ ಕೊರಗು ಮನಸ್ಸಿನಲ್ಲಿತ್ತು. 2017ರ ಪ್ಲೇಆಫ್‌ನ 13 ಪಂದ್ಯಗಳಲ್ಲಿ ಒಂದೂ ಗೋಲು ಹೊಡೆಯಲಾಗದ ನ್ಯೂಜೆಂಟ್-ಹಾಪ್ಕಿನ್ಸ್ ಊರು ಬಿಡಲಿಲ್ಲ. 2024 ಮತ್ತು 2025ರಲ್ಲಿ ಆಯಿಲರ್ಸ್ ಫೈನಲ್ ತಲುಪಿ, ಎರಡೂ ಸಲ ಫ್ಲಾರಿಡಾ ಎದುರು ಸೋತಾಗ ಅವನೂ ಆ ಮಂಜಿನ ಮೇಲಿದ್ದ.

ಮೇ 11ರ ಬೆಳಿಗ್ಗೆ, ಏಳನೆಯ ಪಂದ್ಯ ಸೋತ ಮರುದಿನ, ನಾನು ಮನೆಯಿಂದ ಹೊರಬಿದ್ದಾಗ ನೆರೆಮನೆಯವರು ಕಾರು ಒರೆಸುತ್ತಿದ್ದರು. ಬಾವುಟ ಇನ್ನೂ ಕಿಟಕಿಯಲ್ಲೇ ಇತ್ತು. ತೆಗೆಯುವುದಿಲ್ಲವೇ ಎಂದು ಈ ಸಲ ಕೇಳಿದೆ. ಗಾಜಿನ ಮೇಲಿನ ಬಟ್ಟೆಯನ್ನು ನಿಲ್ಲಿಸದೆಯೇ, ಮಡಿಕೆಯ ಗೆರೆ ಪೂರ್ತಿ ಹೋಗುವವರೆಗೆ ಗಾಳಿಗೆ ಹಾರಾಡಲಿ ಎಂದರು.

ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ, ಸಮಯವಿದೆ. ನಮಸ್ಕಾರ.